ನೂಲಿನ ವಿದ್ಯೆ, ನೋಟದ ವಿದ್ಯೆ

ಮಕ್ಕಳ ವಿದ್ಯಾಭ್ಯಾಸದ ವಿಷಯವಾಗಿ ಗೃಹಸ್ಥರ ಮನಸ್ಸಿನಲ್ಲಿ ಏಳುವ ಸಂದೇಹಗಳಲ್ಲಿ ಒಂದನ್ನು ಈ ತಿಂಗಳು ವಾಚಕರ ಮುಂದಿಟ್ಟು ವಿಚಾರಮಾಡಬೇಕೆಂದು ನಾವು ಬಗೆದಿದ್ದೇವೆ. ಯಾದಗಿರಿ, ಶಹಾಪುರ, ಸುರಪುರಗಳ ಕಡೆಯ ಮನೆಗಳಿಂದ ಹೆಣ್ಣುಮಕ್ಕಳು ಈಗ ದೂರದ ಊರುಗಳ ಕಾಲೇಜುಗಳಿಗೆ ಹೋಗುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವರಲ್ಲೊಬ್ಬಳು ಉಡುಪಿನ ವಿನ್ಯಾಸವನ್ನು ಕಲಿತು ಪದವಿಯನ್ನು ಪಡೆದ ಮೇಲೆ, “ಅಪ್ಪಾ, ಇನ್ನು ಕಂಪ್ಯೂಟರಿನ ಕಡೆಗೆ ತಿರುಗುತ್ತೇನೆ, ಕಣ್ಣೆದುರಿನ ಲೋಕದ ಮೇಲೆ ಇಲ್ಲದ ರೂಪವನ್ನು ಕೂಡಿಸಿ ತೋರಿಸುವ ವಿದ್ಯೆಯಲ್ಲಿ ಸಂಶೋಧನೆ ಮಾಡುತ್ತೇನೆ” ಎಂದರೆ ಅಪ್ಪನು ಏನು ಹೇಳಬೇಕು? “ಎರಡು ದೋಣಿಯಲ್ಲಿ ಕಾಲಿಟ್ಟವನು ನಡುಹೊಳೆಯಲ್ಲಿ ಮುಳುಗುವನು” ಎಂದು ಮನೆಯ ಹಿರಿಯರು ಹೇಳದೆ ಬಿಡುವರೇ? ಕಳೆದ ಮೂರು ನಾಲ್ಕು ವರುಷದ ವೆಚ್ಚವು ವ್ಯರ್ಥವಾಯಿತೆಂದು ಒಬ್ಬರು, ಮದುವೆಯ ವಯಸ್ಸು ಮೀರುವುದೆಂದು ಮತ್ತೊಬ್ಬರು, ದರ್ಜಿಯ ಕೆಲಸಕ್ಕೂ ಕಂಪ್ಯೂಟರಿಗೂ ಏನು ಸಂಬಂಧವೆಂದು ಮಗುದೊಬ್ಬರು ನುಡಿಯುವುದುಂಟು.

ಇವುಗಳಲ್ಲಿ ಕೊನೆಯ ಮಾತನ್ನು ಮೊದಲು ತೆಗೆದುಕೊಳ್ಳುವೆವು. ಸಂಬಂಧವಿದೆಯೆಂದು ಕಂಡುಬಂದರೆ ಉಳಿದ ಎರಡಕ್ಕೂ ದಾರಿ ತಾನಾಗಿ ತೋರುವುದು.

ನೂಲಿಗೂ ಗಣಿತಕ್ಕೂ ಇರುವ ನಂಟು ಇಂದಿನದಲ್ಲ. ಮಗ್ಗದ ಮೇಲೆ ಹಾಸಿನ ಎಳೆಗಳು ಸಾಲಾಗಿ ನಿಂತಿರುವುವು. ಅವುಗಳ ನಡುವೆ ಲಾಳಿಯು ಹೊಕ್ಕಿನ ಎಳೆಯನ್ನು ಒಯ್ಯುವುದು. ಪ್ರತಿಯೊಂದು ದಾಟಿನಲ್ಲಿಯೂ ಹಾಸಿನ ಎಳೆಯು ಮೇಲಿರಬೇಕು, ಇಲ್ಲವೇ ಕೆಳಗಿರಬೇಕು, ಮೂರನೆಯ ಸ್ಥಿತಿಯೆಂಬುದಿಲ್ಲ. ಅಂಚಿನಲ್ಲಿ ಬಳ್ಳಿಯನ್ನಾಗಲಿ ಗೋಪುರವನ್ನಾಗಲಿ ಮೂಡಿಸುವ ನೇಕಾರನು ಸಾವಿರಾರು ಸಲ ಈ ‘ಮೇಲೆ–ಕೆಳಗೆ’ಗಳ ಲೆಕ್ಕವನ್ನು ತಪ್ಪದೆ ನಡೆಸತಕ್ಕವನು. ಫ್ರಾನ್ಸ್ ದೇಶದ ಜೋಸೆಫ್ ಮರೀ ಜಾಕಾರ್ಡನು ೧೮೦೪ರಲ್ಲಿ ಈ ಲೆಕ್ಕವನ್ನು ದಪ್ಪ ಕಾಗದದ ಹಲಗೆಗಳಿಗೆ ಒಪ್ಪಿಸಿದನು. ಹಲಗೆಯಲ್ಲಿ ತೂತಿದ್ದರೆ ಎಳೆಯು ಏಳುವುದು, ತೂತಿಲ್ಲದಿದ್ದರೆ ಏಳದು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತಾನು ಕಲ್ಪಿಸಿದ ಗಣನಯಂತ್ರಕ್ಕೆ ಆಜ್ಞೆ ಕೊಡಲು ಇದೇ ತೂತಿನ ಹಲಗೆಗಳನ್ನು ಆರಿಸಿಕೊಂಡನು. ಆ ಯಂತ್ರದ ಮೇಲೆ ೧೮೪೩ರಲ್ಲಿ ವಿಸ್ತಾರವಾದ ಟಿಪ್ಪಣಿಗಳನ್ನು ಬರೆದವಳು ಏಡಾ ಲವ್‌ಲೇಸ್ ಎಂಬ ಮಹಿಳೆ. ೧೮೯೦ರಲ್ಲಿ ಅಮೆರಿಕದ ಜನಗಣತಿಯನ್ನು ಎಣಿಸಿದ ಹಾಲೆರಿತ್‌ನ ಯಂತ್ರವೂ ತೂತಿನ ಹಲಗೆಗಳನ್ನೇ ಓದುತ್ತಿದ್ದಿತು. ಇಂದಿನ ಕಂಪ್ಯೂಟರಿನ ವಂಶಾವಳಿಯನ್ನು ಬರೆಯತಕ್ಕವರು ಮಗ್ಗದ ಮನೆಯನ್ನು ಬಿಟ್ಟು ಬರೆಯಲಾರರು.

ಸುರಪುರ ಸೀಮೆಯವರಿಗೆ ಈ ಮಾತು ಹೊಸದಾಗಿ ತೋರಬೇಕಾಗಿಲ್ಲ. ಆದ್ಯ ವಚನಕಾರರಲ್ಲಿ ಒಬ್ಬನೆಂದು ಹೆಸರಾದ ದೇವರ ದಾಸಿಮಯ್ಯನು ಆ ಸೀಮೆಯ ಮುದನೂರಿನವನು, ವೃತ್ತಿಯಿಂದ ನೇಕಾರನು. ಜೇಡರ ದಾಸಿಮಯ್ಯನೆಂದು ಅವನನ್ನು ಕರೆಯುವುದೇ ಅದಕ್ಕೆ ಸಾಕ್ಷಿ. ಮುದನೂರಿನ ರಾಮನಾಥನು ಅವನ ಆರಾಧ್ಯದೈವ. ಮಗ್ಗದ ಮುಂದೆ ಕುಳಿತವನು ತತ್ತ್ವವನ್ನು ಚಿಂತಿಸಬಲ್ಲನೆಂದು ಆ ನೆಲವು ಸಾವಿರ ವರುಷದ ಹತ್ತಿರಹತ್ತಿರ ಹಿಂದೆಯೇ ಕಂಡುಕೊಂಡಿದೆ. ಅಂಥ ನೆಲದಲ್ಲಿ ಹುಟ್ಟಿದ ಹುಡುಗಿಯು ಬಟ್ಟೆಯಿಂದ ಗಣಿತಕ್ಕೆ ನಡೆದರೆ ಅದನ್ನು ದಾರಿತಪ್ಪುವಿಕೆ ಎನ್ನಲು ನಮಗೆ ಮನಸ್ಸು ಬಾರದು.

ಇನ್ನು ಆ ಹೊಸ ವಿದ್ಯೆಯ ಸ್ವರೂಪವನ್ನು ತಿಳಿಯಹೇಳುವೆವು. ಇದನ್ನು ಇಂಗ್ಲಿಷಿನಲ್ಲಿ ಆಗ್ಮೆಂಟೆಡ್ ರಿಯಾಲಿಟಿ ಎನ್ನುವರು. ಕನ್ನಡದಲ್ಲಿ ವರ್ಧಿತ ವಾಸ್ತವವೆಂಬ ಹೆಸರು ರೂಢಿಗೆ ಬಂದಿದೆ. ಕನ್ನಡಿಯಲ್ಲಿ ನಮ್ಮ ಮುಖವಷ್ಟೇ ಕಾಣುವುದು. ಆ ಕನ್ನಡಿಯಲ್ಲಿ ನಾವು ಉಡದಿರುವ ಸೀರೆಯು ನಮ್ಮ ಮೈಮೇಲೆ ಇರುವಂತೆ ಕಂಡು, ನಾವು ತಿರುಗಿದಾಗ ತಾನೂ ತಿರುಗಿ, ಕೈಯೆತ್ತಿದಾಗ ಸೆರಗೂ ಏಳುವಂತಾದರೆ ಅದೇ ವರ್ಧಿತ ವಾಸ್ತವ. ಲೋಕವನ್ನೆಲ್ಲ ಮರೆಸಿ ಬೇರೊಂದು ಕಲ್ಪಿತ ಲೋಕದಲ್ಲಿ ಮುಳುಗಿಸುವ ವಿದ್ಯೆಯು ಇದರ ಒಡಹುಟ್ಟು; ಆದರೆ ಇದು ಇರುವ ಲೋಕವನ್ನು ಇದ್ದ ಹಾಗೆಯೇ ಉಳಿಸಿಕೊಂಡು ಅದರ ಮೇಲೆ ಕೂಡಿಸುವುದು. ರೊನಾಲ್ಡ್ ಅಜುಮಾ ಎಂಬ ವಿದ್ವಾಂಸರು ೧೯೯೭ರ ತಮ್ಮ ಪ್ರಬಂಧದಲ್ಲಿ ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿದರು: ನಿಜವೂ ಕಲ್ಪಿತವೂ ಒಂದೇ ನೋಟದಲ್ಲಿ ಕೂಡಿರಬೇಕು, ನಮ್ಮ ಚಲನೆಗೆ ಆ ಕ್ಷಣದಲ್ಲಿಯೇ ಪ್ರತಿಕ್ರಿಯೆ ದೊರೆಯಬೇಕು, ಕಲ್ಪಿತ ವಸ್ತುವು ಉದ್ದ, ಅಗಲ, ಆಳ ಮೂರರಲ್ಲಿಯೂ ತನ್ನ ಸ್ಥಾನದಲ್ಲಿ ಸರಿಯಾಗಿ ನಿಲ್ಲಬೇಕು. ಮೂರನೆಯದೇ ಎಲ್ಲಕ್ಕಿಂತ ಕಠಿನ. ಮೂಗುತಿಯು ಮೂಗಿನಿಂದ ಎರಡು ಬೆರಳು ಜರುಗಿದರೆ ಅದು ಅಲಂಕಾರವೋ ಅಪಹಾಸ್ಯವೋ ವಾಚಕರೇ ಹೇಳಲಿ.

ಈ ವಿದ್ಯೆಯು ಮೊದಲು ಹುಟ್ಟಿದುದು ಶೃಂಗಾರಕ್ಕಾಗಿ ಅಲ್ಲ. ೧೯೬೮ರಲ್ಲಿ ಅಮೆರಿಕದ ಐವನ್ ಸದರ್‌ಲ್ಯಾಂಡರು ತಲೆಗೆ ತೊಡುವ ಒಂದು ಸಾಧನವನ್ನು ರಚಿಸಿದರು. ಅದರ ಭಾರವನ್ನು ತಲೆ ಹೊರಲಾರದೆ ಮಾಳಿಗೆಯಿಂದ ತೂಗುಹಾಕಬೇಕಾಯಿತು. ಅದರಲ್ಲಿ ಕಂಡದ್ದು ಬರಿಯ ಗೆರೆಗಳಿಂದಾದ ಆಕೃತಿಗಳು ಮಾತ್ರ. ‘ಆಗ್ಮೆಂಟೆಡ್ ರಿಯಾಲಿಟಿ’ ಎಂಬ ಹೆಸರು ಬಂದುದು ೧೯೯೦ರ ಸುಮಾರಿಗೆ, ಬೋಯಿಂಗ್ ವಿಮಾನದ ಕಾರ್ಖಾನೆಯಿಂದ. ವಿಮಾನದೊಳಗೆ ಹಾಯಿಸುವ ನೂರಾರು ತಂತಿಗಳನ್ನು ಯಾವುದರ ಪಕ್ಕದಲ್ಲಿ ಯಾವುದನ್ನು ಇಡಬೇಕೆಂದು ಕೆಲಸಗಾರರ ಕಣ್ಣೆದುರಿಗೇ ತೋರಿಸಬೇಕೆಂಬ ಉದ್ದೇಶದಿಂದ ಟಾಮ್ ಕಾಡೆಲ್, ಡೇವಿಡ್ ಮಿಜೆಲ್ ಎಂಬ ಇಬ್ಬರು ಇದನ್ನು ಯೋಚಿಸಿದರು. ಎಳೆಯ ಪಕ್ಕಕ್ಕೆ ಎಳೆ ಜೋಡಿಸುವ ಕೆಲಸಕ್ಕೇ ಈ ವಿದ್ಯೆಯು ಕೈಹಚ್ಚಿದುದು ಸ್ವಾರಸ್ಯವಲ್ಲವೇ?

ಉಡುಪನ್ನೂ ಈ ನೋಟದ ವಿದ್ಯೆಯನ್ನೂ ಒಂದೇ ಬಾಳಿನಲ್ಲಿ ಹೊಸೆದ ವಿದ್ವಾಂಸರು ಲೋಕದಲ್ಲಿ ಉಂಟೋ ಎಂದರೆ, ಉಂಟು. ಅವರಲ್ಲಿ ಎಲ್ಲರಿಗೂ ಮುಂಚೆ ನೆನೆಯಬೇಕಾದವರು ನಾದಿಯಾ ಮ್ಯಾಗ್ನೆನಾ ಥಾಲ್ಮನ್ ಎಂಬ ಸ್ವಿಸ್ ದೇಶದ ವಿದುಷಿ. ಆಕೆಯ ವಿದ್ಯಾಯಾತ್ರೆಯನ್ನು ನೋಡಿದರೆ ನಮ್ಮ ಹಿರಿಯರು ದೋಣಿ ಎರಡಲ್ಲ, ಐದಾರೆಂದು ಗಾಬರಿಗೊಂಡಾರು. ಮನಶ್ಶಾಸ್ತ್ರ, ಜೀವಶಾಸ್ತ್ರ, ರಸಾಯನಶಾಸ್ತ್ರಗಳನ್ನು ಓದಿ, ೧೯೭೭ರಲ್ಲಿ ಜಿನೀವಾ ವಿಶ್ವವಿದ್ಯಾನಿಲಯದಿಂದ ಕ್ವಾಂಟಮ್ ಭೌತಶಾಸ್ತ್ರದಲ್ಲಿ ಡಾಕ್ಟರೇಟನ್ನು ಪಡೆದು, ಕೆನಡಾದ ಮಾಂಟ್ರಿಯಾಲಿನಲ್ಲಿ ಅಧ್ಯಾಪಕಿಯಾದರು. ಅಲ್ಲಿ ೧೯೮೭ರಲ್ಲಿ ಡ್ಯಾನಿಯೆಲ್ ಥಾಲ್ಮನ್ನರೊಡನೆ ಸೇರಿ ಒಂದು ಕಿರುಚಿತ್ರವನ್ನು ರಚಿಸಿದರು. ದಿವಂಗತರಾಗಿದ್ದ ಮರ್ಲಿನ್ ಮನ್ರೋ ಮತ್ತು ಹಂಫ್ರಿ ಬೋಗಾರ್ಟ್ ಎಂಬ ನಟರಿಬ್ಬರು ಅದರಲ್ಲಿ ಕಂಪ್ಯೂಟರಿನ ಲೆಕ್ಕದಿಂದ ಮತ್ತೆ ರೂಪುತಳೆದು ಮಾಂಟ್ರಿಯಾಲಿನಲ್ಲಿ ಸಂಧಿಸುವರು. ೧೯೮೯ರಲ್ಲಿ ಆಕೆ ಜಿನೀವಾಕ್ಕೆ ಹಿಂದಿರುಗಿ ಮಿರಾಲ್ಯಾಬ್ ಎಂಬ ಸಂಶೋಧನಾಲಯವನ್ನು ಸ್ಥಾಪಿಸಿದರು.

ಮನುಷ್ಯರ ಆಕೃತಿಯನ್ನು ಲೆಕ್ಕದಿಂದ ರಚಿಸಿದ ಮೇಲೆ ಅವರಿಗೆ ಬಟ್ಟೆ ಬೇಡವೇ? ಅಲ್ಲಿಯೇ ಉಡುಪಿನ ವಿದ್ಯೆಯು ಆಕೆಯ ಕೆಲಸದೊಳಗೆ ಹೊಕ್ಕಿತು. ೧೯೯೨ರಲ್ಲಿ ಆಕೆಯ ತಂಡದವರು, ನಡೆದಾಡುವ ಕಲ್ಪಿತ ವ್ಯಕ್ತಿಗಳಿಗೆ ಮಡಿಕೆ ಬೀಳುವ, ಜೋಲುವ, ಮೈಗೆ ತಾಗುವ ಉಡುಪನ್ನು ತೊಡಿಸುವ ಬಗೆಯನ್ನು ಪ್ರಕಟಿಸಿದರು. ವರುಷಗಳು ಕಳೆದಂತೆ ದರ್ಜಿಯು ಬಟ್ಟೆಯನ್ನು ಕತ್ತರಿಸುವಂತೆಯೇ ತುಂಡುತುಂಡಾಗಿ ಕತ್ತರಿಸಿ, ಹೊಲಿಗೆಯ ಗೆರೆಗಳಲ್ಲಿ ಕೂಡಿಸಿ, ಕಲ್ಪಿತ ದೇಹದ ಮೇಲೆ ಇಳಿಬಿಡುವ ಕ್ರಮವು ಬೆಳೆಯಿತು. ಸ್ವಿಸ್ ದೇಶದಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಹೆಸರುಗಳಿಸಿದ ರಾಬರ್ಟ್ ಪಿಗೆಯ ಹಳೆಯ ಉಡುಪಿನ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ೨೦೦೭ರಲ್ಲಿ ಅವರು ಒಂದು ಚಲನಚಿತ್ರವನ್ನೇ ಮಾಡಿದರು. ಕಾಗದದಲ್ಲಿ ನಿಶ್ಚಲವಾಗಿದ್ದ ಉಡುಪು ಅದರಲ್ಲಿ ನಡೆದಾಡಿತು. ೨೦೦೪ರಿಂದ ೨೦೦೭ರವರೆಗೆ ಯುರೋಪಿನ ಕೆಲವು ಸಂಸ್ಥೆಗಳೊಡನೆ ಸೇರಿ, ಇಲ್ಲದ ಬಟ್ಟೆಯ ನಯವನ್ನು ಬೆರಳಿಗೆ ತಿಳಿಯಪಡಿಸುವ ಯತ್ನವನ್ನೂ ನಡೆಸಿದರು.

ವರ್ಧಿತ ವಾಸ್ತವದಲ್ಲಿ ಆಕೆಯ ತಂಡದವರು ಮಾಡಿದ ಕೆಲಸಗಳಲ್ಲಿ ಪೊಂಪೇಯಿಯದು ನಮಗೆ ಬಹಳ ಮೆಚ್ಚಿಕೆಯಾದುದು. ಕ್ರಿ. ಶ. ೭೯ರಲ್ಲಿ ವೆಸುವಿಯಸ್ ಅಗ್ನಿಪರ್ವತದ ಬೂದಿಯಲ್ಲಿ ಹೂತುಹೋದ ಆ ಇಟಲಿಯ ಪಟ್ಟಣದ ಅವಶೇಷಗಳ ನಡುವೆ, ತಲೆಗೆ ಸಾಧನವನ್ನು ತೊಟ್ಟ ಪ್ರೇಕ್ಷಕನಿಗೆ ಪ್ರಾಚೀನ ರೋಮನರು ತಮ್ಮ ಉಡುಪಿನಲ್ಲಿ ಓಡಾಡುತ್ತಿರುವಂತೆ ಕಾಣುವ ಯೋಜನೆಯು ೨೦೦೨ರಲ್ಲಿ ಆರಂಭವಾಯಿತು. ಗೋಡೆ ನಿಜ, ಮನುಷ್ಯ ಕಲ್ಪಿತ. ಆ ಕಲ್ಪಿತ ರೋಮನನ ಉಡುಪಿನ ನಿರಿಗೆ ತಪ್ಪಿದರೆ ಇತಿಹಾಸವೇ ತಪ್ಪುವುದು. ಅವನ ಪಾದವು ನೆಲದಿಂದ ಎದ್ದು ತೇಲಿದರೆ ನೋಟವು ಕೆಡುವುದು. ಬಟ್ಟೆಯನ್ನು ಬಲ್ಲವರೂ ಕ್ಯಾಮರಾದ ಗಣಿತವನ್ನು ಬಲ್ಲವರೂ ಒಟ್ಟಿಗೆ ಕುಳಿತುಕೊಳ್ಳದೆ ಇಂಥ ಕೆಲಸವು ಸಾಗದು. ಆ ಇಬ್ಬರ ಮಾತೂ ಅರ್ಥವಾಗುವ ಒಬ್ಬ ವ್ಯಕ್ತಿಯಿದ್ದರೆ ಕೆಲಸವು ಎಷ್ಟು ಸುಗಮವಾಗುವುದೆಂದು ಹೇಳಬೇಕಾದುದಿಲ್ಲ. ಮುಂದೆ ೨೦೦೯ರಲ್ಲಿ ಆಕೆ ಸಿಂಗಪುರದ ನಾನ್ಯಾಂಗ್ ವಿಶ್ವವಿದ್ಯಾನಿಲಯದಲ್ಲಿಯೂ ಒಂದು ಸಂಶೋಧನಸಂಸ್ಥೆಯನ್ನು ನಡೆಸಲು ಹೋದರು. ತಮ್ಮದೇ ರೂಪದ ನಾಡೀನ್ ಎಂಬ ಯಂತ್ರಮಾನವಿಯನ್ನೂ ಲೋಕಕ್ಕೆ ತೋರಿಸಿದರು.

ಬಟ್ಟೆಯನ್ನು ಲೆಕ್ಕದಲ್ಲಿ ಹಿಡಿಯುವುದು ಅಷ್ಟೇನು ಕಷ್ಟ ಎಂದು ಕೇಳುವವರು ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಒಂದು ಹತ್ತಿಯ ಕರವಸ್ತ್ರವನ್ನು ಎರಡು ಕೈಗಳಲ್ಲಿ ಹಿಡಿದು ಹಾಸಿನ ನೇರಕ್ಕೆ ಎಳೆಯಿರಿ, ಅದು ಬಗ್ಗುವುದಿಲ್ಲ. ಹೊಕ್ಕಿನ ನೇರಕ್ಕೆ ಎಳೆಯಿರಿ. ಆಗಲೂ ಹೆಚ್ಚು ಹಿಗ್ಗುವುದಿಲ್ಲ. ಅದನ್ನೇ ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ಸರಾಗವಾಗಿ ಹಿಗ್ಗುವುದು. ಎಳೆಗಳು ಉದ್ದವಾದುವೇ? ಇಲ್ಲ, ಅವು ಕೂಡುವ ಚೌಕಗಳು ಓರೆಗೊಂಡುವು, ಅಷ್ಟೆ. ಕಂಪ್ಯೂಟರಿನಲ್ಲಿ ಬಟ್ಟೆಯನ್ನು ರಚಿಸುವ ಒಂದು ಸುಲಭ ಕ್ರಮವೂ ಇದನ್ನೇ ಅನುಸರಿಸುವುದು. ಬಟ್ಟೆಯನ್ನು ಬಿಂದುಗಳ ಜಾಲವೆಂದು ಎಣಿಸಿ, ಬಿಂದುವಿನಿಂದ ಬಿಂದುವಿಗೆ ಸ್ಪ್ರಿಂಗುಗಳಿರುವುವೆಂದು ಕಲ್ಪಿಸಿ, ಹಾಸಿನ ನೇರಕ್ಕೆ ಒಂದು ಬಿಗುವು, ಹೊಕ್ಕಿನ ನೇರಕ್ಕೆ ಇನ್ನೊಂದು, ಓರೆಗೆ ಮತ್ತೊಂದು, ಬಾಗುವುದಕ್ಕೆ ಬೇರೊಂದು ಎಂದು ಗೊತ್ತುಮಾಡಿ, ಭೂಮಿಯ ಸೆಳೆತವನ್ನು ಸೇರಿಸಿ, ಕ್ಷಣಕ್ಷಣಕ್ಕೂ ಪ್ರತಿಯೊಂದು ಬಿಂದುವೂ ಎಲ್ಲಿರುವುದೆಂದು ಲೆಕ್ಕಮಾಡುವರು. ಜಪಾನಿನ ಕವಾಬಾಟ ಎಂಬ ವಿದ್ವಾಂಸರು ೧೯೭೦ರ ದಶಕದಲ್ಲಿ ಬಟ್ಟೆಯ ಹಿಗ್ಗು, ಓರೆ, ಬಾಗು, ಒತ್ತಡ, ಮೇಲ್ಮೈಯ ನಯ ಇವುಗಳನ್ನು ಅಳೆಯುವ ಉಪಕರಣಗಳನ್ನು ರಚಿಸಿದರು. ಅಂಥ ಅಳತೆಗಳೇ ಈ ಲೆಕ್ಕಕ್ಕೆ ಬೇಕಾದ ಸಾಮಗ್ರಿ. ಬೆರಳಿನಿಂದ ಮುಟ್ಟಿ “ಇದು ಜೋಲುವ ಬಟ್ಟೆ, ಇದು ಬಿರುಸು” ಎಂದು ಹೇಳಬಲ್ಲ ನಮ್ಮ ಅಜ್ಜಿಯರ ಜ್ಞಾನವನ್ನೇ ಅಂಕಿಗಳಿಗೆ ಇಳಿಸಿದಂತಾಯಿತು.

ಇಂಥ ಸಂಶೋಧನೆಗೆ ನಮ್ಮ ಸೀಮೆಯಲ್ಲಿ ವಿಷಯಕ್ಕೆ ಕೊರತೆಯುಂಟೇ? ಇಳಕಲ್ಲಿನ ಸೀರೆಯನ್ನು ನೋಡಿರಿ. ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆಯಾಗಿದ್ದು, ಎಳೆಗೆ ಎಳೆಯನ್ನು ಕೊಂಡಿಹಾಕಿ ಕೂಡಿಸುವರು. ಒಡಲಿನ ಜೋಲು ಒಂದು ಬಗೆ, ರೇಷ್ಮೆಯ ಸೆರಗಿನ ಜೋಲು ಇನ್ನೊಂದು ಬಗೆ; ಎರಡೂ ಒಂದೇ ಸೀರೆಯಲ್ಲಿ ಸೇರಿ ಭುಜದ ಮೇಲಿಂದ ಇಳಿಯುವಾಗ ಆಗುವ ರೂಪವನ್ನು ಲೆಕ್ಕದಲ್ಲಿ ಹಿಡಿಯುವುದು ಸಾಮಾನ್ಯ ಕೆಲಸವಲ್ಲ. ಕಸೂತಿಯನ್ನು ನೋಡಿರಿ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ, ಬಟ್ಟೆಯ ಮೇಲೆ ಗೆರೆ ಬರೆಯದೆ, ಎಳೆಗಳನ್ನು ಎಣಿಸಿಯೇ ತೇರನ್ನೂ ಗೋಪುರವನ್ನೂ ಮೂಡಿಸುವರು. ಗವಂತಿಯಲ್ಲಿ ಸೂಜಿಯು ಒಂದು ದಾರಿಯಲ್ಲಿ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಮರಳಬೇಕು, ಮುಂಭಾಗ ಹಿಂಭಾಗಗಳೆರಡೂ ಒಂದೇ ತೆರನಾಗಿರಬೇಕು, ಗಂಟು ಕಾಣಬಾರದು. ಯಾವ ಗೆರೆಯೂ ಬಿಟ್ಟುಹೋಗದಂತೆ ಎಲ್ಲ ಗೆರೆಗಳನ್ನೂ ಕ್ರಮವಾಗಿ ಸುತ್ತಿಬರುವ ಬಗೆ ಹೇಗೆಂಬುದು ಗಣಿತಜ್ಞರು ಶತಮಾನಗಳಿಂದ ವಿಚಾರಿಸುತ್ತ ಬಂದ ಪ್ರಶ್ನೆ. ನಮ್ಮ ತಾಯಂದಿರು ಅದನ್ನು ಸೂಜಿಯ ತುದಿಯಲ್ಲಿ ಬಿಡಿಸಿದರು.

ಶಹಾಪುರ, ಯಾದಗಿರಿಗಳ ಕಡೆಯ ತಾಂಡೆಗಳಲ್ಲಿ ಲಂಬಾಣಿ ಮಹಿಳೆಯರು ತೊಡುವ ಕನ್ನಡಿ ಹೊಲಿಗೆಯ ಉಡುಪಂತೂ ಈ ವಿದ್ಯೆಗೆ ದೊಡ್ಡ ಸವಾಲು. ಆ ಪುಟ್ಟ ಕನ್ನಡಿಗಳಲ್ಲಿ ಸುತ್ತಲಿನ ಬೆಳಕು, ಬಾಗಿಲು, ಎದುರಿಗಿರುವವರ ನೆರಳು ಎಲ್ಲವೂ ಹೊಳೆಯುವುವು. ಕಲ್ಪಿತ ಕನ್ನಡಿಯನ್ನು ನಿಜವಾದ ಮೈಮೇಲೆ ತೋರಿಸಬೇಕಾದರೆ, ಆ ಕೋಣೆಯ ಬೆಳಕು ಎಲ್ಲಿಂದ ಬರುವುದೆಂದು ಯಂತ್ರವು ತಿಳಿದುಕೊಳ್ಳಬೇಕು. ಇಂಥ ಉಡುಪನ್ನು ಚಿಕ್ಕಂದಿನಿಂದ ನೋಡಿ ಬೆಳೆದ ಹುಡುಗಿಗೆ ಈ ಸಮಸ್ಯೆಯು ಮೊದಲ ದಿನವೇ ಕಣ್ಣಿಗೆ ಬೀಳುವುದು. ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಯೂ ಉಂಟು. ಚಿನ್ನದ ರೇಕನ್ನು ಅಂಟಿಸಿ, ಒಡವೆ ವಸ್ತ್ರಗಳನ್ನು ಸೂಕ್ಷ್ಮವಾಗಿ ಬರೆದ ಆ ಚಿತ್ರಗಳು ಹಳೆಯ ಉಡುಪನ್ನು ಅರಿಯುವವರಿಗೆ ಅಮೂಲ್ಯವಾದುವು. ೧೮೪೧ರಿಂದ ೧೮೫೩ರವರೆಗೆ ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ಆ ಸೀಮೆಯ ಪ್ರಾಚೀನ ಶಿಲಾಸಮಾಧಿಗಳನ್ನೂ, ಶಹಾಪುರದ ಹತ್ತಿರದ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನೂ ಗುರುತಿಸಿ ಬರೆದಿಟ್ಟನು. ಪೊಂಪೇಯಿಯಲ್ಲಿ ಮಾಡಿದುದನ್ನು ವಿಭೂತಿಹಳ್ಳಿಯಲ್ಲಿಯೂ ಸುರಪುರದ ಕೋಟೆಯಲ್ಲಿಯೂ ಮಾಡಬಾರದೆಂದು ಯಾರು ಹೇಳಬಲ್ಲರು?

ಕನ್ನಡನಾಡಿನಲ್ಲಿ ಇದಕ್ಕೆ ಮೇಲ್ಪಂಕ್ತಿಯೂ ಇಲ್ಲದಿಲ್ಲ. ಭಾರತ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಸಹಾಯದಿಂದ ಹಂಪೆಯ ಗುಡಿಗಳು, ಶಿಲ್ಪ, ಚಿತ್ರ, ಕಥೆಗಳನ್ನು ಕಂಪ್ಯೂಟರಿನಲ್ಲಿ ಕಾಪಿಡುವ ಯೋಜನೆಯು ನಡೆಯಿತು; ಅದರ ಫಲಗಳನ್ನು ಕೂಡಿಸಿದ ‘ಡಿಜಿಟಲ್ ಹಂಪಿ’ ಎಂಬ ಗ್ರಂಥವು ೨೦೧೭ರಲ್ಲಿ ಹೊರಬಂದಿತು. ಹುಬ್ಬಳ್ಳಿಯ ಇಂಜಿನಿಯರಿಂಗ್ ಅಧ್ಯಾಪಕರೂ ಅದರಲ್ಲಿ ದುಡಿದರು. ಆ ಗ್ರಂಥದ ಸಂಪಾದಕರಲ್ಲಿ ಒಬ್ಬರಾದ ಬೆಂಗಳೂರಿನ ಶಾರದಾ ಶ್ರೀನಿವಾಸನ್ನರ ಬಾಳನ್ನು ನಮ್ಮ ಗೃಹಸ್ಥರು ಗಮನಿಸಬೇಕು. ಮುಂಬಯಿಯ ಐ.ಐ.ಟಿ.ಯಲ್ಲಿ ಭೌತಶಾಸ್ತ್ರದ ಇಂಜಿನಿಯರಿಂಗನ್ನು ಓದಿದ ಆಕೆ ಭರತನಾಟ್ಯದ ಕಲಾವಿದೆಯೂ ಹೌದು. ಲಂಡನ್ನಿನ ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ಲೋಹವಿದ್ಯೆಯಲ್ಲಿ ಡಾಕ್ಟರೇಟನ್ನು ಪಡೆದು, ನಟರಾಜನ ಕಂಚಿನ ವಿಗ್ರಹಗಳ ಕಾಲವನ್ನೂ ಲೋಹವನ್ನೂ ಶೋಧಿಸಿದರು. ೨೦೧೯ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು. ನಟರಾಜನನ್ನು ಕುಣಿದು ಬಲ್ಲವಳು, ಅಳೆದೂ ಬಲ್ಲವಳಾದಳು. ಎರಡು ವಿದ್ಯೆಗಳಲ್ಲಿ ಒಂದು ಇನ್ನೊಂದನ್ನು ಮುಳುಗಿಸಲಿಲ್ಲ.

ಆದುದರಿಂದ ಸಂಬಂಧವಿಲ್ಲವೆಂಬ ಮಾತು ನಿಲ್ಲದು. ಆದರೆ ಇಷ್ಟಕ್ಕೇ ಮಗಳ ಕೈಗೆ ಹಣದ ಚೀಲವನ್ನು ಕೊಟ್ಟು ಕಳುಹಿಸಿರೆಂದು ನಾವು ಹೇಳುವವರಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕಾದ ಮನೆಗಳೇ ನಮ್ಮಲ್ಲಿ ಹೆಚ್ಚು. ಈ ದಾರಿಯಲ್ಲಿ ಎಡವುವ ಕಲ್ಲುಗಳನ್ನೂ ತೋರಿಸುವುದು ನಮ್ಮ ಕರ್ತವ್ಯ.

ಮೊದಲನೆಯದು, ಗಣಿತ. ಉಡುಪಿನ ವಿನ್ಯಾಸಕ್ಕೆ ಕಲಾವಿಭಾಗದಿಂದಲೂ ಹೋಗಬಹುದು. ಆದರೆ ಬಿಂದುಗಳ ಜಾಲವನ್ನು ಲೆಕ್ಕಮಾಡಬೇಕಾದರೆ ಬೀಜಗಣಿತವೂ ರೇಖಾಗಣಿತವೂ ಬೇಕೇ ಬೇಕು. ಪಿ.ಯು.ಸಿ.ಯಲ್ಲಿ ಗಣಿತವನ್ನು ಬಿಟ್ಟ ಹುಡುಗಿಯು ಅದನ್ನು ಮತ್ತೆ ಹಿಡಿಯಲು ಒಂದೆರಡು ವರುಷವನ್ನು ಕೊಡಬೇಕಾದೀತು. ಮಗಳಲ್ಲಿ ಈ ಒಲವು ತೋರಿದರೆ ಗಣಿತವನ್ನು ಬಿಡಿಸಬೇಡಿರಿ. ಎರಡನೆಯದು, ಸಂಸ್ಥೆ. ಜವಳಿ ಮಂತ್ರಾಲಯಕ್ಕೆ ಸೇರಿದ ನಿಫ್ಟ್ ಸಂಸ್ಥೆಯು ದೆಹಲಿಯಲ್ಲಿ ೧೯೮೬ರಲ್ಲಿಯೂ ಬೆಂಗಳೂರಿನಲ್ಲಿ ೧೯೯೭ರಲ್ಲಿಯೂ ಆರಂಭವಾಯಿತು. ಅಲ್ಲಿ ವಿನ್ಯಾಸದ ಪದವಿಯೊಡನೆ ಉಡುಪಿನ ತಂತ್ರಜ್ಞಾನದ ಪದವಿಯೂ, ಡಾಕ್ಟರೇಟೂ ಉಂಟು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಗೃಹವಿಜ್ಞಾನ ವಿಭಾಗದಲ್ಲಿ ಜವಳಿ ಮತ್ತು ಉಡುಪಿನ ಅಧ್ಯಯನವು ಬಹುಕಾಲದಿಂದ ನಡೆದುಬಂದಿದೆ. ಸಂವಿಧಾನದ ೩೭೧ (ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಆ ಪ್ರದೇಶದೊಳಗಿನ ಸಂಸ್ಥೆಗಳಲ್ಲಿ ನೂರಕ್ಕೆ ೭೦ರಂತೆಯೂ, ರಾಜ್ಯದ ಉಳಿದ ಕಡೆ ನೂರಕ್ಕೆ ೮ರಂತೆಯೂ ಸ್ಥಾನಗಳು ಮೀಸಲಾಗಿರುವುವು. ಯಾದಗಿರಿ ಜಿಲ್ಲೆಯ ಮನೆಯವರು ಅದರ ಅರ್ಹತಾಪತ್ರವನ್ನು ತಹಸೀಲ್ ಕಚೇರಿಯ ಮೂಲಕ ಮುಂಚಿತವಾಗಿಯೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಆದರೆ ಈ ಸೌಕರ್ಯವು ಕೇಂದ್ರಸರಕಾರದ ನಿಫ್ಟ್‌ನಂಥ ಸಂಸ್ಥೆಗಳಿಗೆ ಅನ್ವಯಿಸದೆಂಬುದನ್ನು ಮರೆಯಬಾರದು.

ಮೂರನೆಯದು, ಹಣ ಮತ್ತು ಕಾಲ. ಡಾಕ್ಟರೇಟಿಗೆ ನಾಲ್ಕೈದು ವರುಷಗಳು ಸಲ್ಲುವುವು. ಯು.ಜಿ.ಸಿ.ಯ ಪರೀಕ್ಷೆಯಲ್ಲಿ ಕಿರಿಯ ಸಂಶೋಧಕ ವೇತನಕ್ಕೆ ಅರ್ಹತೆ ಪಡೆದವರಿಗೆ ಮೊದಲ ಎರಡು ವರುಷ ತಿಂಗಳಿಗೆ ೩೭,೦೦೦ ರೂಪಾಯಿ, ಆಮೇಲೆ ೪೨,೦೦೦ ರೂಪಾಯಿ ಎಂದು ೨೦೨೩ರಿಂದ ಗೊತ್ತುಮಾಡಿರುವರು. ಇದು ದೊರೆತರೆ ಮನೆಯವರು ಸಾಲಮಾಡಬೇಕಾದುದಿಲ್ಲ. ದೊರೆಯದಿದ್ದರೆ, ಸಾಲಮಾಡಿ ಡಾಕ್ಟರೇಟಿಗೆ ಕಳುಹಿಸುವ ಮುನ್ನ ಎರಡು ಸಲ ಯೋಚಿಸಬೇಕು. ಅಂಥ ಸಂದರ್ಭದಲ್ಲಿ ಹುಡುಗಿಯು ಒಂದೆರಡು ವರುಷ ಕೆಲಸಮಾಡಿ, ಕೈಯಲ್ಲಿ ಹಣವನ್ನೂ ಅನುಭವವನ್ನೂ ಇಟ್ಟುಕೊಂಡು ಮರಳಿ ಓದಿಗೆ ಬಂದರೆ ಅದರಲ್ಲಿ ನಷ್ಟವೇನೂ ಇಲ್ಲ. ನಾಲ್ಕನೆಯದು, ಮಾರ್ಗದರ್ಶಕರು. ಎರಡು ವಿಭಾಗಗಳ ನಡುವೆ ಕೆಲಸಮಾಡುವವಳಿಗೆ “ಇದು ನಮ್ಮದಲ್ಲ” ಎಂದು ಇಬ್ಬರೂ ಕೈಬಿಡುವ ಅಪಾಯವುಂಟು. ಸೇರುವ ಮೊದಲೇ ಉಡುಪಿನವರೊಬ್ಬರು, ಕಂಪ್ಯೂಟರಿನವರೊಬ್ಬರು ಹೀಗೆ ಇಬ್ಬರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯತಕ್ಕದ್ದು. ದೋಣಿ ಎರಡಾದರೂ ಚಿಂತೆಯಿಲ್ಲ. ಅವೆರಡನ್ನೂ ಹಗ್ಗದಿಂದ ಬಿಗಿದಿರಬೇಕು.

ಐದನೆಯದು, ಧರ್ಮದ ಮಾತು. ಇಲ್ಲದ ಉಡುಪನ್ನು ಮೈಮೇಲೆ ತೋರಿಸಬೇಕಾದರೆ ಮೈಯ ಅಳತೆಯನ್ನೂ ಚಿತ್ರವನ್ನೂ ಯಂತ್ರಕ್ಕೆ ಕೊಡಬೇಕು. ಭಾರತೀಯರ ದೇಹಕ್ಕೆ ಒಪ್ಪುವ ಅಳತೆಯ ಪಟ್ಟಿಯೊಂದು ಬೇಕೆಂದು ನಿಫ್ಟ್ ಸಂಸ್ಥೆಯು ಬೆಂಗಳೂರು ಸೇರಿದಂತೆ ಆರು ನಗರಗಳಲ್ಲಿ ೧೫ರಿಂದ ೬೫ ವರುಷದವರೆಗಿನ ೨೫,೦೦೦ ಸ್ತ್ರೀಪುರುಷರನ್ನು ಯಂತ್ರದಿಂದ ಅಳೆಯುವ ಯೋಜನೆಯನ್ನು ಕೈಕೊಂಡಿತು. ಇಂಥ ಕಾರ್ಯವು ಒಪ್ಪಿಗೆಯಿಂದಲೂ ಗೌಪ್ಯದಿಂದಲೂ ನಡೆಯುವುದು ಸರಿ. ಆದರೆ ಫೋನಿನಲ್ಲಿ ಕಂಡ ಕಂಡ ವ್ಯಾಪಾರಿಯ ಕನ್ನಡಿಯ ಮುಂದೆ ಮನೆಯ ಮಕ್ಕಳು ನಿಂತು ತಮ್ಮ ಚಿತ್ರವನ್ನು ಕಳುಹಿಸುವುದು ಬೇರೆ. ೨೦೨೩ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ಮಾಹಿತಿಯ ರಕ್ಷಣೆಯ ಕಾಯಿದೆಯು, ೧೮ ತುಂಬದವರ ಮಾಹಿತಿಗೆ ತಂದೆತಾಯಿಗಳ ಒಪ್ಪಿಗೆ ಬೇಕೆಂದು ಹೇಳುವುದು. ಕಾಯಿದೆಗಿಂತ ಮೊದಲು ಮನೆಯ ಎಚ್ಚರವಿರಬೇಕು. ಅಂತೆಯೇ ನೇಕಾರರ ಅಂಚು, ಲಂಬಾಣಿಯರ ಹೊಲಿಗೆ ಇವುಗಳನ್ನು ಚಿತ್ರಿಸಿ ಯಂತ್ರಕ್ಕೆ ತುಂಬುವ ಸಂಶೋಧಕಿಯು, ಅದು ಯಾರ ವಿದ್ಯೆಯೆಂಬುದನ್ನು ಹೆಸರಿಸಿ, ಅದರಿಂದ ಬರುವ ಆದಾಯದಲ್ಲಿ ಅವರಿಗೂ ಪಾಲು ಸಲ್ಲುವಂತೆ ನೋಡಿಕೊಳ್ಳಬೇಕು. ಇಳಕಲ್ಲಿನ ಸೀರೆ, ಕಸೂತಿ, ಸಂಡೂರಿನ ಲಂಬಾಣಿ ಕಸೂತಿಗಳಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆಯು ದೊರೆತಿದೆ. ಆದರೆ ಬರಿಯ ಹೆಸರಿನ ರಕ್ಷಣೆಯಿಂದ ಮಗ್ಗದ ಮುಂದೆ ಕುಳಿತವನ ಹೊಟ್ಟೆ ತುಂಬದು.

ಮದುವೆಯ ವಯಸ್ಸಿನ ಮಾತೊಂದು ಉಳಿಯಿತು. ಅದರಲ್ಲಿ ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ. ಓದು ಮುಗಿಯುವ ದಿನವನ್ನು ಗೊತ್ತುಮಾಡುವವಳು ಓದುವವಳೇ ಆಗಬೇಕು. ಅರ್ಧಕ್ಕೆ ಬಿಡಿಸಿ ತಂದ ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದರೂ, ಆ ಅರ್ಧವನ್ನು ಮರೆಯಳು. ಮಗಳ ಓದನ್ನು ಭಾರವೆಂದು ಎಣಿಸುವ ಮನೆಗಿಂತ, ಅದನ್ನು ತನ್ನ ಕೀರ್ತಿಯೆಂದು ಎಣಿಸುವ ಮನೆಯನ್ನು ಸಂಬಂಧಕ್ಕೆ ಹುಡುಕು ಎಂದು ತಂದೆಗೆ ಹೇಳುವ ಧೈರ್ಯವು ತಾಯಿಗೆ ಬರಬೇಕು.

ಆದಕಾರಣ, ವಾಚಕರೇ, ನಿಮ್ಮ ಮನೆಯಲ್ಲಿ ಸೂಜಿಯನ್ನೂ ಸಂಖ್ಯೆಯನ್ನೂ ಒಂದೇ ಪ್ರೀತಿಯಿಂದ ಹಿಡಿಯುವ ಮಗುವೊಂದಿದ್ದರೆ, “ಎರಡರಲ್ಲಿ ಒಂದನ್ನು ಬಿಡು” ಎನ್ನುವ ಮೊದಲು ಮೇಲಿನ ಐದು ವಿಷಯಗಳನ್ನು ಅವಳೊಡನೆ ಕುಳಿತು ವಿಚಾರಮಾಡಿರಿ. ಗಣಿತ ಸಾಕಷ್ಟಿದೆಯೇ, ಸಂಸ್ಥೆ ಯಾವುದು, ಹಣ ಎಲ್ಲಿಂದ, ಗುರುಗಳು ಯಾರು, ಯಾರ ವಿದ್ಯೆಯನ್ನು ಹೇಗೆ ಬಳಸುವಳು? ಈ ಪ್ರಶ್ನೆಗಳಿಗೆ ಅವಳೇ ಉತ್ತರವನ್ನು ತಂದರೆ, ಅವಳ ಹಾಸು ಗಟ್ಟಿಯಾಗಿದೆಯೆಂದು ತಿಳಿಯಿರಿ. ಇನ್ನು ಹೊಕ್ಕನ್ನು ಅವಳೇ ಹಾಕಿಕೊಳ್ಳುವಳು.